ಷಡಕ್ಷರಪ್ಪ ನೋಡಿದ ಉಗುರು

"ಎಡಗೈ ಸ್ವಲ್ಪ ಬಿಡಿಸಮ್ಮ, ಲಿಂಗ ಇಡಬೇಕು" ಎಂದು ಅಯ್ಯನವರು ಹೇಳಿದಾಗ ರುದ್ರಮ್ಮ ಗಂಡನ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಷಡಕ್ಷರಪ್ಪನ ಶವದ ಹಣೆ, ತೋಳುಗಳ ತುಂಬ ವಿಭೂತಿ. ಬೆರಳ ತುದಿಗಳು ಉಂಡೆಯಂತೆ ಊದಿಕೊಂಡಿದ್ದವು. ಉಗುರುಗಳು ಗಿಳಿಯ ಕೊಕ್ಕಿನಂತೆ ಕೆಳಗೆ ಬಾಗಿದ್ದವು.

ಮೂರು ತಿಂಗಳ ಹಿಂದೆ ಹಾಸನದ ಡಾಕ್ಟರು ಮೊದಲು ನೋಡಿದ್ದೂ ಈ ಬೆರಳುಗಳನ್ನೇ. "ಶ್ವಾಸಕೋಶದ ಕಾಯಿಲೆ. ವರ್ಷದ ಮೇಲಾಗಿದೆ. ಮನೇಲಿ ಯಾರೂ ಗಮನಿಸಲಿಲ್ವಾ?" ಎಂದು ಕೇಳಿದ್ದರು. ರುದ್ರಮ್ಮ ತಲೆ ತಗ್ಗಿಸಿದ್ದಳು. ಅವನಿಗಿನ್ನೂ ಐವತ್ಮೂರು.

"ಅಕ್ಕ, ಅವಳೂ ಬಂದವ್ಳೆ ನೋಡು" ಎಂದು ವಾರಗಿತ್ತಿ ಪ್ರತಿಮಾ ಕಿವಿಯಲ್ಲಿ ಹೇಳಿದಳು.

ಗೇಟಿನ ಹೊರಗೆ ಚಿತ್ರಾ ನಿಂತಿದ್ದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು.

*

ಎರಡು ವರ್ಷದ ಹಿಂದೆ ಆ ಹೆಸರನ್ನು ಮನೆಯೊಳಗೆ ತಂದವಳೂ ಪ್ರತಿಮಾಳೇ. ಮಾದಿಹಳ್ಳಿಯ ರೇಷನ್ ಅಂಗಡಿಯಲ್ಲಿ ಅಕ್ಕಿ ಅಳೆಯುವ ಕೆಲಸ ಷಡಕ್ಷರಪ್ಪನದು. ರೇಷನ್ನಿಗೆ ಬಂದವರ ದುಡಿದು ಸವೆದ ಹೆಬ್ಬೆರಳನ್ನು ಬೆರಳಚ್ಚಿನ ಮಷಿನ್ ಒಪ್ಪುತ್ತಿರಲಿಲ್ಲ. ಅವನು ಒದ್ದೆ ಬಟ್ಟೆಯಿಂದ ಒರೆಸಿ, ತಾನೇ ಹಿಡಿದು ಒತ್ತಿಸುತ್ತಿದ್ದ.

"ಭಾವ ಆ ಚಿತ್ರಾನ ಕೈ ಹಿಡ್ಕೊಂಡು ಬಿಡ್ಲೇ ಇಲ್ವಂತೆ. ಸಾಲಲ್ಲಿದ್ದೋರೆಲ್ಲ ನೋಡವ್ರೆ" ಎಂದಿದ್ದಳು ಪ್ರತಿಮಾ.

ಊಟಕ್ಕೆ ಕೂತಾಗ ರುದ್ರಮ್ಮ ಕೇಳಿಯೇಬಿಟ್ಟಳು. "ಅವಳ ಕೈ ಯಾಕೆ ಹಿಡ್ಕೊಂಡಿದ್ರಿ?"

"ಉಗುರು ನೋಡ್ತಿದ್ದೆ ಕಣೇ."

"ಉಗುರಂತೆ! ಈ ವಯಸ್ಸಲ್ಲಿ ಬೇರೆ ಸುಳ್ಳು ಸಿಗ್ಲಿಲ್ವಾ?"

ಅವನು ತಿಳಿಸಿ ಹೇಳಲೆಂದು ಅವಳ ಕೈಗೆ ಕೈ ಚಾಚಿದ. "ಇನ್ನು ನನ್ನ ಮುಟ್ಬೇಡಿ" ಎಂದಳು. ಅವನು ಮುಟ್ಟಲಿಲ್ಲ. ಅಂದಿನಿಂದ ಅವಳು ತಟ್ಟೆಯನ್ನು ಜಗುಲಿಯಲ್ಲಿಟ್ಟು ಒಳಗೆ ಬರುತ್ತಿದ್ದಳು. ಅವನು ಉಂಡು ತೊಳೆದಿಡುತ್ತಿದ್ದ. ಕೆಮ್ಮು ಅವಳಿಗೆ ಕೇಳುತ್ತಿತ್ತು. ಬೆರಳುಗಳು ಕಾಣಲಿಲ್ಲ. ತನ್ನ ಉಗುರಿನ ಸಂಗತಿ ಅವನಿಗೆ ತಿಳಿದಿತ್ತೋ ಇಲ್ಲವೋ, ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

*

ಅಂಗೈಯಲ್ಲಿ ಲಿಂಗ ಇಟ್ಟದ್ದಾಯಿತು. ರುದ್ರಮ್ಮ ಎದ್ದು ಗೇಟಿನವರೆಗೆ ನಡೆದಳು. ಅಂಗಳದಲ್ಲಿದ್ದವರು ತಿರುಗಿ ನೋಡಿದರು.

"ದೂರದಿಂದ್ಲೇ ಮುಖ ನೋಡ್ಕೊಂಡು ಹೊಂಟೋಯ್ತೀನಿ ರುದ್ರಕ್ಕ" ಎಂದಳು ಚಿತ್ರಾ.

"ಅವತ್ತು ಅಂಗಡೀಲಿ ಅವರು ನಿಂಗೇನಂದ್ರು? ನಿಜ ಹೇಳು."

ಚಿತ್ರಾ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನನ್ನುಗುರು ಚಮಚದಂಗೆ ಗುಳಿ ಬಿದ್ದಿತ್ತಕ್ಕ, ಬಿಳೀ ಹಾಳೆ ಆಗೋಗಿತ್ತು. 'ನಮ್ಮವ್ವಂದೂ ಹಿಂಗೇ ಇತ್ತು ಚಿತ್ರಮ್ಮ, ಯಾರ್ಗೂ ತಿಳೀಲಿಲ್ಲ, ಕಳ್ಕೊಂಡ್ಬಿಟ್ವಿ. ನಾಳೆನೇ ಬೇಲೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸ್ಕೊ' ಅಂದ್ರು. ರಕ್ತ ಬರೀ ಐದಿತ್ತು. ತಿಂಗಳ ಸ್ರಾವ ನಿಲ್ತಾನೇ ಇರ್ಲಿಲ್ಲ. ನಲವತ್ತು ದಾಟ್ತಲ್ಲ, ಇದೆಲ್ಲ ಇದ್ದಿದ್ದೇ ಅಂತ ನಾಚ್ಕೊಂಡು ಸುಮ್ನಿದ್ದೆ. ಹೊಟ್ಟೇಲಿ ಗಡ್ಡೆ ಐತೆ ಅಂತ ಆಪರೇಶನ್ ಮಾಡುದ್ರು."

"ಬಂದು ಹೇಳ್ಬೋದಾಗಿತ್ತಲ್ಲೇ ನಂಗೆ!"

"ಬಂದಿದ್ದೆ ಕಣಕ್ಕ. ನನ್ನ ನೋಡಿ ನೀವು ಬಾಗ್ಲು ಹಾಕ್ಕೊಂಡ್ರಿ."

ರುದ್ರಮ್ಮನಿಗೆ ನೆನಪಿತ್ತು. ಅಗುಳಿ ಜಡಿದ ಸದ್ದೂ ನೆನಪಿತ್ತು. "ಆಮೇಲೂ ಎಲ್ಲರ ಉಗುರು ನೋಡ್ತಿದ್ರಾ?" ಎಂದಳು ಮೆಲ್ಲಗೆ.

"ಇಲ್ಲ. ಬಟ್ಟೇನ ಮೇಜಿನ ಮೇಲೆ ಮಡಗ್ಬುಡೋರು. ನಾವೇ ಒರೆಸ್ಕೊಂಡು ಬೆಳ್ಳು ಇಡ್ತಿದ್ವಿ. ಅವ್ರು ಆ ಕಡೆ ನೋಡ್ತಾ ಕೂತಿರೋರು."

ಒಳಗಿಂದ ಅಯ್ಯನವರು "ಹೊತ್ತಾಯ್ತು, ಎತ್ರಪ್ಪ" ಎಂದರು. ರುದ್ರಮ್ಮ ಚಿತ್ರಾಳ ಮುಂಗೈ ಹಿಡಿದು ಅಂಗಳದೊಳಗೆ ಕರೆತಂದಳು.

"ಅಕ್ಕ, ಜನ ನೋಡ್ತಾವ್ರೆ" ಎಂದಳು ಪ್ರತಿಮಾ.

"ನೋಡ್ಲಿ."

ಗಂಡನ ಎದುರಿಗೆ, ಬಿಸಿಲು ಬಿದ್ದಿದ್ದ ಕಡೆ ರುದ್ರಮ್ಮ ನಿಂತಳು. ಚಿತ್ರಾಳ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ, ಉಗುರನ್ನು ಒಮ್ಮೆ ಒತ್ತಿ ಬಿಟ್ಟಳು. ಬಿಳಿಚಿದ ಉಗುರಿನ ಬುಡದಿಂದ ತುದಿಯವರೆಗೆ ಕೆಂಪು ಏರಿ ಬಂತು.