ಬಣ್ಣ ಬಂದ ಮೇಲೆ

"ದ್ರಾಕ್ಷಿಯಂತೆ ದ್ರಾಕ್ಷಿ! ಎಮ್ಮೆ ಕಣ್ಣು ಕಣ್ರಪ್ಪಾ ಇದು, ನೋಡಕ್ಕಷ್ಟೇ ಕರ್ರಗದೆ."

ಪಿರಿಯಾಪಟ್ಟಣದ ರಸ್ತೆಯ ಟೀ ಅಂಗಡಿ ಮುಂದೆ ಪ್ರಭುಸ್ವಾಮಿ ಬಾಯಲ್ಲಿದ್ದ ಹಣ್ಣನ್ನು ಥೂ ಎಂದು ಉಗಿದ. "ವಾಸ್ನೆ ಇಲ್ಲ, ರುಚಿ ಇಲ್ಲ. ಒಂಬತ್ನೇ ಕ್ಲಾಸೂ ದಾಟ್ದೇ ಇರೋನ ಕೈಗೆ ಜಮೀನು ಕೊಟ್ನಲ್ಲ, ನನ್ನೇ ಮೆಟ್ನಲ್ಲಿ ಹೊಡೀಬೇಕು."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮೊದಲ ಗೊಂಚಲನ್ನು ದೊಡ್ಡಪ್ಪ ಪ್ರಭುಸ್ವಾಮಿಗೇ ತಿನ್ನಿಸಬೇಕೆಂದು ಓಡಿ ಬಂದಿದ್ದ ಕಾಂತರಾಜು ಅದೇ ಓಟದಲ್ಲಿ ತೋಟಕ್ಕೆ ಹೋಗಿ ಮಚ್ಚು ಎತ್ತಿಕೊಂಡ. ಒಂದು ಬಳ್ಳಿಯ ಬುಡ ತುಂಡಾಯಿತು. ಎರಡನೆಯದಕ್ಕೆ ಅಡ್ಡ ಬಂದು ನಿಂತವಳು ದೊಡ್ಡವ್ವ ಸುಂದ್ರಮ್ಮ.

"ಅತ್ಲಾಗೋಗು ದೊಡ್ಡವ್ವ!"

"ಕಡಿ, ನನ್ನೇ ಮೊದ್ಲು ಕಡಿ. ನಾನೂ ನೀರು ಉಯ್ದಿವ್ನಿ ಕಣ್ಲಾ ಇದ್ಕೆ."

ಮಚ್ಚು ಎಸೆದು ಅವನು ಮಣ್ಣಲ್ಲೇ ಕುಕ್ಕರಿಸಿದ. ಸುಂದ್ರಮ್ಮ ಮೈಸೂರಲ್ಲಿ ತೋಟಗಾರಿಕೆ ಓದುತ್ತಿದ್ದ ಮಗಳಿಗೆ ಫೋನು ಹಚ್ಚಿ ಅವನ ಮುಂದೆ ಹಿಡಿದಳು.

"ಯಾವಾಗ ಕಿತ್ತೆ ಅಣ್ಣ?" ಮಧುಶ್ರೀ ಕೇಳಿದಳು.

"ಬಣ್ಣ ತಿರುಗಿದ್ ತಕ್ಷಣ. ಹೊಗೆಸೊಪ್ಪು ಅಂಗೇ ಅಲ್ವಾ ಮುರಿಯೋದು?"

ಅತ್ತಲಿಂದ ನಗು ಕೇಳಿಸಿತು. "ಸೊಪ್ಪಲ್ಲ ಕಣಣ್ಣ ಇದು. ಬಣ್ಣ ಮೊದ್ಲು ಬರುತ್ತೆ. ಆ ಗಮ್ಮನ್ನೋ ವಾಸ್ನೆ ಮಾಡೋಕೆ ಹಣ್ಣೊಳಗೇ ಒಂದು ಕಿಣ್ವ ಇದೆ. ಅದು ಜೋರಾಗಿ ಕೆಲ್ಸ ಮಾಡೋದು ಹಣ್ಣು ಪೂರ್ತಿ ಮಾಗೋವಾಗ. ನೀನು ಒಲೆ ಹಚ್ಚೋಕ್ ಮುಂಚೆನೇ ಎಲೆ ಹಾಕ್ಕೊಂಡು ಕೂತಿದೀಯ. ಬಳ್ಳೀಲೇ ಇರ್ಲಿ ಬುಡು."

"ಹಕ್ಕಿ ಬುಟ್ಟಾವಾ?"

"ನಾನ್ ಕಾಯ್ತೀನಿ," ಎಂದಳು ಸುಂದ್ರಮ್ಮ.

ಕಾದಳು. ಹಳೇ ಸೀರೆ ಹರಿದು ಚಪ್ಪರಕ್ಕೆಲ್ಲ ಕಟ್ಟಿದಳು, ತಗಡು ಬಡಿದಳು, ಹೋ ಹೋ ಎಂದು ಕೂಗಿದಳು. ಕಾಂತರಾಜು ದಿನಾ ಒಂದು ಹಣ್ಣು ಕಚ್ಚುವುದು, ಉಗಿಯುವುದು. ಹೀಗೇ ಒಂದು ಮಧ್ಯಾಹ್ನ ಬಾಯಿಗಿಡುವ ಮೊದಲೇ ವಾಸನೆ ಮೂಗಿಗೆ ಬಂತು. ಅವನು ಉಗಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಸಿಪ್ಪೆಯನ್ನೂ ಅಗಿದ.

ಮಾರನೇ ದಿನ ರಸ್ತೆಗೇ ಹಬ್ಬಿದ ವಾಸನೆ ಹಿಡಿದು ಪ್ರಭುಸ್ವಾಮಿ ಬೇಲಿ ದಾಟಿ ಬಂದ, ಹಿಂದೆ ಟೀ ಅಂಗಡಿಯ ಬಳಗ. ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಇನ್ನೊಂದು ಹಾಕಿಕೊಂಡ.

"ಏನ್ಲಾ ಕಾಂತ, ಯಾವ ಔಸ್ದಿ ಒಡ್ದೆ? ಬರೋ ವರ್ಸ ಸೊಪ್ಪು ಬುಟ್ಟು ಪೂರಾ ಇದ್ನೇ ಆಕುಮಾ ಕಣೋ!"

ಕಾಂತರಾಜು ತೂಕದ ಗೊಂಚಲೊಂದನ್ನು ಹುಡುಕಿ ಕತ್ತರಿಸಿ, ಎರಡೂ ಕೈಯಲ್ಲಿ ಹಿಡಿದು, ಅವರ ನಡುವೆಯೇ ಹಾದು ನಡೆದ. ಚಪ್ಪರದ ಆ ಕೊನೆಯಲ್ಲಿ, ಕೂಗಿ ಕೂಗಿ ಗಂಟಲು ಕಟ್ಟಿದ್ದ ಸುಂದ್ರಮ್ಮ ಸೆರಗು ಒಡ್ಡಿದಳು.