ಬಾಯವ್ವನಿಗೆ ತಲುಪದ ಪಾತ್ರೆ

ನಿನಗಾಗಲಿ ನಮ್ಮ ಮಕ್ಕಳಿಗಾಗಲಿ ಜೀವಕ್ಕೆ ಕುತ್ತು ಬಂದ ಹೊತ್ತಿನಲ್ಲಿ, ಯಾರು ಕರೆದರೂ ನಾನು ಬಿಟ್ಟು ಹೋಗುವುದಿಲ್ಲ ಎಂದು ನಮ್ಮವರು ನನಗೆ ಮಾತು ಕೊಟ್ಟದ್ದು ಸವದತ್ತಿಯ ಬಾಡಿಗೆ ಮನೆಯಲ್ಲಿ, ೧೯೮೯ರಲ್ಲಿ.

ನಮ್ಮವರು ಸಭಾಪಾಲಕರು. ಆ ಭಾಗದ ಊರೂರುಗಳಲ್ಲಿ ಒಂದೆರಡರಂತೆ ಚದುರಿದ್ದ ಕ್ರೈಸ್ತ ಮನೆಗಳೆಲ್ಲ ಅವರ ಪಾಲಿಗೆ ಬಂದಿದ್ದವು. ನನ್ನ ಚೊಚ್ಚಲ ಹೆರಿಗೆಯ ದಿನ ತೊರಗಲ್ಲಿನಲ್ಲಿ ಒಬ್ಬರಿಗೆ ಕೊನೆಗಾಲವೆಂದು ಕರೆ ಬಂತು, ಹೋದರು. ತಿರುಗಿ ಬರುವಷ್ಟರಲ್ಲಿ ಉಸಿರೇ ಆಡದ ಗಂಡುಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಮಗ್ಗುಲಲ್ಲಿ ಮಲಗಿಸಿದ್ದರು. ಅವರು ಇದ್ದಿದ್ದರೆ ಕೂಸು ಉಳಿಯುತ್ತಿತ್ತೆಂದು ನಾನು ಎಂದೂ ಅಂದವಳಲ್ಲ. ಆದರೆ ಅಂದಿನಿಂದ ಯಾರಾದರೂ ಬಾಗಿಲು ಬಡಿದರೆ ನನ್ನ ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಅದನ್ನು ನೋಡಿ ನೋಡಿ ಒಂದು ದಿನ ಅವರು ಮೊಣಕಾಲೂರಿ, ದೇವರ ಹೆಸರು ಹಿಡಿದು ಆ ಮಾತು ಕೊಟ್ಟರು. ನಾನು ಕೇಳಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಆಮೇಲೆ ಬೈಲಹೊಂಗಲಕ್ಕೆ ವರ್ಗವಾಯಿತು, ಸ್ನೇಹಲತಾ ಹುಟ್ಟಿದಳು. ನಾನು ಸಾಲಿ ಮಕ್ಕಳ ಅಂಗಿ ಚಡ್ಡಿ ಹೊಲಿಯುತ್ತಿದ್ದೆ. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಮೂವರೂ ಕಣ್ಣು ಮುಚ್ಚಿ ಸುಮ್ಮನೆ ಕೂಡುವುದು ನಮ್ಮ ಮನೆಯ ರೂಢಿ. ದೇವರಿಗೆ ನಾವು ಹೇಳುವುದು ಆಯಿತು, ಅವನು ಹೇಳುವುದನ್ನೂ ಕೇಳಬೇಕಲ್ಲ ಎನ್ನುತ್ತಿದ್ದರು. ಸ್ನೇಹಾ ಒಂದು ಕಣ್ಣು ತೆರೆದು, ಅಪ್ಪಾ, ನನಗ ಕುಕ್ಕರ್ ಸೀಟಿ ಅಷ್ಟ ಕೇಳಸ್ತು ಅನ್ನುತ್ತಿದ್ದಳು. ಅವರು ನಗುತ್ತ, ಅದೂ ಕರೆಯೇ, ಹೋಗಿ ಇಳಿಸು ಎಂದು ನನ್ನತ್ತ ನೋಡುತ್ತಿದ್ದರು. ಚರ್ಚಿನಲ್ಲಿಯೂ ಅವರು ಹೇಳುತ್ತಿದ್ದುದು ಇದನ್ನೇ: ದೇವರು ಆಕಾಶದಿಂದ ಕೂಗುವುದು ಕಡಿಮೆ, ಹೆಚ್ಚಾಗಿ ನೆರೆಮನೆಯವರ ದನಿಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಯರಗಟ್ಟಿಯ ಬಾಯವ್ವ ಈ ಮಾತನ್ನು ಪ್ರತಿ ಸಲವೂ ಹಿಂದಿನ ಸಾಲಿನಲ್ಲಿ ಕುಳಿತೇ ಕೇಳುತ್ತಿದ್ದಳು. ಕರ್ತನ ಭೋಜನದ ಭಾನುವಾರ ಉಳಿದವರು ಎದ್ದು ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವಳು ಮಾತ್ರ ಏಳುತ್ತಿರಲಿಲ್ಲ. ಗಂಡ ತೀರಿದ ದಿನ, ಮಣ್ಣಿಗೆ ಬಂದಿದ್ದ ಓರಗಿತ್ತಿ ಸೋಮವ್ವ ಮಂದಿಯ ಮುಂದೆ, ನೀ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದುಬಿಟ್ಟಿದ್ದಳು. ಒಬ್ಬರ ಮೇಲೆ ಸಿಟ್ಟು ಇಟ್ಟುಕೊಂಡು ಆ ದ್ರಾಕ್ಷಾರಸದ ಪಾತ್ರೆ ಮುಟ್ಟಬಾರದೆಂಬುದು ನಮ್ಮಲ್ಲಿಯ ನಡೆ. ಎಷ್ಟೋ ಜನ ಸಿಟ್ಟನ್ನೂ ಇಟ್ಟುಕೊಂಡು ಪಾತ್ರೆಯನ್ನೂ ಮುಟ್ಟುತ್ತಾರೆ. ಬಾಯವ್ವನಿಗೆ ಅದು ಆಗಲಿಲ್ಲ. ಸಿಟ್ಟು ಬಿಡಲಿಕ್ಕೂ ಆಗಲಿಲ್ಲ. ವರ್ಷಗಟ್ಟಲೆ ಹಾಗೇ ಕುಳಿತಳು.

೧೯೯೭ರ ಮಳೆಗಾಲದ ಕೊನೆಗೆ ಸ್ನೇಹಾಗೆ ವಿಷಮಜ್ವರ ಬಂದು ದವಾಖಾನೆಗೆ ಸೇರಿಸಿದೆವು. ಜ್ವರ ಏರಿದಾಗ ಮೈ ಬಿಗಿದುಕೊಂಡು ಕಣ್ಣು ಮೇಲೆ ಹೋಗುತ್ತಿದ್ದವು. ಇವತ್ತಿನ ದಿನ ದಾಟಬೇಕು ಎಂದರು ಡಾಕ್ಟರು. ಅದೇ ದಿನ ಮಧ್ಯಾಹ್ನ ಇಮಾಮಹುಸೇನ ಬಂದ. ಅವನು ಬಾಯವ್ವನ ನೆರೆಮನೆಯವನು, ಬಾಡಿಗೆ ಟೆಂಪೊ ಹೊಡೆಯುವವನು. ಅವನ ಮಕ್ಕಳು ಬೆಳೆದದ್ದೆಲ್ಲ ಬಾಯವ್ವನ ಕಟ್ಟೆಯ ಮೇಲೆ. ಚಪ್ಪಲಿ ಹೊರಗೆ ಬಿಟ್ಟು, ಮಂಚದ ಕಡೆ ನೋಡಿ, ಬಂದ ಕೆಲಸ ಹೇಳಲಾರದೆ ನಿಂತ. ನಮ್ಮವರೇ ಕೇಳಿದರು.

“ಬಾಯವ್ವಂದು ಮುಗೀತ ಬಂತ್ರಿ, ಅಯ್ಯನವರ. ಸೋಮವ್ವ ಬಂದಾಳ. ಇಬ್ಬರೂ ಅತ್ತು, ಬೈದಾಡಿ, ಒಂದ ತಾಟಿನ್ಯಾಗ ಉಂಡಾರ. ಈಗ ನಿಮ್ಮ ಕೈಯಿಂದ ಆ ರೊಟ್ಟಿ, ರಸ ಬೇಕಂತ ಹಟಾ ಹಿಡದಾಳ್ರಿ. ‘ಎತ್ತಿನ ಬಂಡಿ ಹೊಡದಂಗ ಹೊಡೀತಿ, ಇವತ್ತರ ಲಗೂ ಹೊಡಿ’ ಅಂತ ನನಗ ಬೈದ ಕಳಿಸ್ಯಾಳ.”

ನಮ್ಮವರು ನಕ್ಕರು. ನಗು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮಗಳ ಹಣೆಯ ಮೇಲೆ ಹಾಕಿ, ನಾನು ಬರಲಿಕ್ಕಾಗುವುದಿಲ್ಲ ಎಂದರು.

ಇಮಾಮಹುಸೇನ ಹೊರಗೆ ಬೇವಿನ ಗಿಡದ ಕೆಳಗೆ ಟೆಂಪೊ ಹತ್ತಿರ ಹೋಗಿ ಕುಳಿತ. ಒತ್ತಾಯ ಮಾಡಲಿಲ್ಲ. ಆದರೆ ಹೋಗಲೂ ಇಲ್ಲ.

ಇನ್ನೊಬ್ಬ ಸಭಾಪಾಲಕರನ್ನು ಕಳಿಸೋಣವೆಂದರೆ ಹತ್ತಿರದವರು ಆ ವಾರ ಊರಲ್ಲಿರಲಿಲ್ಲ. ನಾನೇ ಒಯ್ದು ಕೊಡಲೇ ಎಂದೆ. ದೀಕ್ಷೆ ಪಡೆದವರೇ ಕೊಡಬೇಕು, ನಿನಗೂ ಗೊತ್ತು ಎಂದರು. ಗೊತ್ತಿತ್ತು. ಯರಗಟ್ಟಿ ದೂರವೇನಲ್ಲ, ಹೊತ್ತು ಮುಳುಗುವುದರೊಳಗೆ ಹೋಗಿ ಬರಬಹುದಿತ್ತು. ನಾನಿದ್ದೆ, ನರ್ಸ್ ಇದ್ದಳು, ಡಾಕ್ಟರು ಇದ್ದರು. ನಾನು ಮನಸ್ಸು ಗಟ್ಟಿ ಮಾಡಿ ಅವರ ಹತ್ತಿರ ಹೋದೆ.

“ನೀವು ಹೋಗಿ ಬರ್ರಿ. ಸವದತ್ತಿ ಮಾತ ನಾ ಬಿಟ್ಟಕೊಟ್ಟೇನಿ.”

“ನೀ ಬಿಟ್ಟರ ಬಿಡೂ ಮಾತಲ್ಲ ಅದು. ದೇವರ ಮುಂದ ಕೊಟ್ಟದ್ದು.”

“ದೇವರು ಬಾಗಿಲಿಗೆ ಬಂದ ನಿಲ್ಲತಾನ ಅಂತ ನೀವ ಹೇಳತಿದ್ರೆಲ್ಲ. ಹೊರಗ ಗಿಡದ ಬುಡಕ ಕುಂತಾವ ಯಾರ್ರಿ ಮತ್ತ?”

ಜ್ವರದಲ್ಲಿ ಸ್ನೇಹಾ ಅವರ ಎರಡು ಬೆರಳು ಹಿಡಿದುಕೊಂಡಿದ್ದಳು. ಅದನ್ನೇ ನೋಡುತ್ತ ಹೇಳಿದರು: “ಇದು ಕರೆ ಅಲ್ಲೇನು? ಒಮ್ಮೆ ಇದನ್ನ ದಾಟಿ ಹೋಗೇನಿ. ಎರಡೂ ಅವನದ ದನಿ ಆದರ ನಾ ಯಾವದಕ ಓ ಅನ್ನಲಿ?”

ನಾನು ಮಗಳ ಹಣೆಯ ಬಟ್ಟೆ ತೆಗೆದು ಮತ್ತೆ ಒದ್ದೆ ಮಾಡಿ ಹಾಕಿದೆ.

ಹೊತ್ತು ಇಳಿದ ಮೇಲೆ ಅವರು ಕಿಟಕಿಗೆ ಹೋಗಿ ಇಮಾಮಹುಸೇನನನ್ನು ಕರೆದು, ನಾಳೆ ಜ್ವರ ಇಳಿದ ಕೂಡಲೇ ಬರುತ್ತೇನೆಂದು ಬಾಯವ್ವನಿಗೆ ಹೇಳು ಎಂದರು. ಅವನು ತಲೆಯಾಡಿಸಿ, ಕೂಸಿನ ಹೆಸರು ಕೇಳಿಕೊಂಡು, ನಾನೂ ದುವಾ ಮಾಡತೇನ್ರಿ ಎಂದು ಖಾಲಿ ಟೆಂಪೊ ತಿರುಗಿಸಿಕೊಂಡು ಹೋದ.

ಬೆಳಗಾಗುವಷ್ಟರಲ್ಲಿ ಸ್ನೇಹಾಳ ಮೈ ಬೆವರಿ ತಣ್ಣಗಾಯಿತು. ಡಾಕ್ಟರು ಇನ್ನು ಹೆದರಿಕೆ ಇಲ್ಲ ಎಂದರು. ನಮ್ಮವರು ಮುಖ ಸಹ ತೊಳೆಯದೆ ಮನೆಗೆ ಹೋಗಿ ರೊಟ್ಟಿ, ರಸದ ಪೆಟ್ಟಿಗೆ ತೆಗೆದುಕೊಂಡು ಮೊದಲ ಬಸ್ಸು ಹತ್ತಿದರು. ಅವರು ಯರಗಟ್ಟಿಯಲ್ಲಿ ಇಳಿಯುವಾಗ ಬಾಯವ್ವನ ಮನೆಯ ಮುಂದೆ ಮಂದಿ ಕೂಡಿದ್ದರು.

ಆಮೇಲೆ ಸೋಮವ್ವ ನನಗೆ ಎಲ್ಲ ಹೇಳಿದಳು. ಬಾಯವ್ವ ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಡಿಸಿಕೊಂಡು, ಗೋಡೆಗೆ ಆತು ಬಾಗಿಲಿಗೆ ಮುಖ ಮಾಡಿ ಕುಳಿತಿದ್ದಳಂತೆ. ಟೆಂಪೊ ಖಾಲಿ ಬಂದಾಗ ಬೈಯಲಿಲ್ಲ. “ಕೂಸು ಉಳೀಲಿ. ನಾ ಮುಂಜಾನಿ ಮಟಾ ತಡೀತೇನಿ” ಎಂದಳಂತೆ. ನಸುಕಿನಲ್ಲಿ ಉಸಿರು ಸಿಕ್ಕಿಕೊಳ್ಳತೊಡಗಿದಾಗ ಸೋಮವ್ವ ಹೆದರಿ, ಮನೆಯ ರೊಟ್ಟಿಯ ಚೂರನ್ನೇ ನೀರಿನಲ್ಲಿ ನೆನೆಸಿ ಬಾಯಿಗೆ ಹಿಡಿದಳು. ಬಾಯವ್ವ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಅಯ್ಯನವರು ಬರುತ್ತಾರೆ ಎಂದು ಕೈಸನ್ನೆಯಲ್ಲೇ ಬಾಗಿಲು ತೋರಿಸಿದಳು.

ಮಣ್ಣಿನ ಪ್ರಾರ್ಥನೆ ನಮ್ಮವರೇ ಮಾಡಿದರು. ನಡುವೆ ನಿಲ್ಲಿಸಿಬಿಟ್ಟರು. ಸೋಮವ್ವ ಒಬ್ಬಳೇ ಒಡಕು ದನಿಯಲ್ಲಿ ಕೀರ್ತನೆ ಎತ್ತಿಕೊಂಡಳು, ಉಳಿದವರು ದನಿ ಕೂಡಿಸಿದರು. ಇಮಾಮಹುಸೇನ ಕುಣಿಗೆ ಮೂರು ಹಿಡಿ ಮಣ್ಣು ಹಾಕಿ ದೂರ ಹೋಗಿ ನಿಂತ.

ನಮ್ಮವರು ಇನ್ನೂ ಸಭಾಪಾಲಕರೇ. ಈಗ ಕಿತ್ತೂರಿನ ಕಡೆ ಇದ್ದೇವೆ. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಸುಮ್ಮನೆ ಕೂಡುವುದು ಅವತ್ತಿನಿಂದ ನಿಂತಿದೆ. ಕಾಲೇಜಿಗೆ ಹೋಗುವ ಸ್ನೇಹಾ ಯಾಕೆಂದು ಕೇಳಿದ್ದಳು. ಅವರು ಎದ್ದು ಅಂಗಳಕ್ಕೆ ಹೋದರು.

ಬಾಯವ್ವ ಕರ್ತನ ಭೋಜನವಿಲ್ಲದೆ ಹೋದಳು. ಸವದತ್ತಿಯಲ್ಲಿ ನನಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು.