ಅರ್ಧ ಬಾಟಲಿ ಮದ್ದು

ಬಂದೂಕಿನ ಮದ್ದಿನ ವಿಷಯದಲ್ಲಿ ಗ್ಲೆನಿಸ್ ಯಾರ ಮಾತನ್ನೂ ನಂಬುವವಳಲ್ಲ. ಬಾಟಲಿಯ ಮೇಲೆ ಏನು ಬೇಕಾದರೂ ಅಚ್ಚು ಹಾಕಿರಲಿ, ಅಂಗಡಿಯವನು ಆಣೆ ಇಟ್ಟು ಹೇಳಲಿ, ಅವಳಿಗೆ ಅವಳದೇ ಪರೀಕ್ಷೆ. ತಾನು ತುಂಬಿದ ತೋಟಾಗಳಲ್ಲಿ ಹತ್ತನ್ನು ಫ್ರಿಜ್‌ನಲ್ಲಿ ಸೊಪ್ಪಿನ ಪಕ್ಕ ಇಡುತ್ತಿದ್ದಳು, ಇನ್ನು ಹತ್ತನ್ನು ನೆತ್ತಿಯ ಬಿಸಿಲಿಗೆ. ಆಮೇಲೆ ಎರಡನ್ನೂ ಹೊಡೆದು, ಗುಂಡಿನ ವೇಗ ಅಳೆದು, ಹಸಿರು ಶಾಯಿಯಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು. ಮನುಷ್ಯರಿಗೂ ಇಂಥದೊಂದು ಪರೀಕ್ಷೆ ಬೇಕೆಂದು ಮಾತ್ರ ಅರವತ್ತನಾಲ್ಕು ವರ್ಷವಾದರೂ ಅವಳಿಗೆ ಹೊಳೆದಿರಲಿಲ್ಲ.

ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಆ ಊರಲ್ಲಿ ಚಳಿಗೂ ಬಿಸಿಲಿಗೂ ಒಂದೇ ವೇಗ ಕೊಡುವ ಮದ್ದು ಒಂದೇ ಒಂದು ಸಿಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಅದು ಬರುವುದೇ ನಿಂತುಹೋಯಿತು. ಇನ್ನೊಂದಿತ್ತು, ಎಲ್ಲರೂ 'ಹಳೇದು' ಎನ್ನುತ್ತಿದ್ದದ್ದು. ಜುಲೈ ಚಳಿಯಲ್ಲಿ ಅದರಷ್ಟು ಸಾಧು ಮದ್ದಿಲ್ಲ. ಬಿಸಿಲೇರಿತೋ, ಅದಕ್ಕೆ ಸೊಕ್ಕೂ ಏರುತ್ತದೆ. ಒಂಬೈನೂರು ಗಜದಾಚೆ ಗುಂಡು ಒಂದು ಮೊಳ ಮೇಲೆ ಹೋಗಿ ಕೂರುತ್ತದೆ.

ಒಳ್ಳೆಯ ಮದ್ದು ನಿಂತ ವರ್ಷ ಗ್ಲೆನಿಸ್ ಹತ್ತಿರ ಒಂದು ತುಂಬಿದ ಬಾಟಲಿ ಉಳಿದಿತ್ತು. ಅವಳ ಗೆಳತಿ ರೊಂಡಾ ಹತ್ತಿರ ಖಾಲಿ ಬಾಟಲಿ. ಗ್ಲೆನಿಸ್ ತಕ್ಕಡಿ ಇಟ್ಟು ಅರ್ಧಕ್ಕರ್ಧ ಸುರಿದುಕೊಟ್ಟಳು. ಮೇಲೆ ಚೀಟಿ ಅಂಟಿಸಿ ತನ್ನ ಹಸಿರು ಶಾಯಿಯಲ್ಲಿ 'ರೊಂಡಾ' ಎಂದು ಬರೆದಳು. ಇಪ್ಪತ್ತೊಂಬತ್ತು ವರ್ಷ ಒಂದೇ ಚಾಪೆಯ ಮೇಲೆ ಅಕ್ಕಪಕ್ಕ ಮಲಗಿ ಗುಂಡು ಹೊಡೆದವರು. ಇಷ್ಟೂ ಮಾಡದಿದ್ದರೆ ಹೇಗೆ?

ಗ್ಲೆನಿಸ್ ಪಾಲು ಕ್ಲಬ್ಬಿಗೆ ಬಂದ ಹೊಸಬರಿಗೆ ಕಲಿಸುವುದರಲ್ಲಿ ಮುಗಿದುಹೋಯಿತು. ರೊಂಡಾ ಕೂಡ ಕಳೆದ ಚಳಿಗಾಲದಲ್ಲಿ, "ನಂದೂ ಯಾವತ್ತೋ ಖಾಲಿ ಆಯ್ತು ಕಣೇ. ಇಬ್ರೂ ಆ ದರಿದ್ರ ಹಳೇದನ್ನೇ ಕಟ್ಕೊಂಡು ಸಾಯೋಣ ಬಿಡು," ಎಂದಿದ್ದಳು. ಇಬ್ಬರೂ ಒಂದೇ ದಿನ ಹೋಗಿ ಹಳೇದನ್ನು ತಂದರು.

ಈ ಫೆಬ್ರವರಿಯ ಪಂದ್ಯ ಗ್ಲೆನಿಸ್‌ಗೆ ಬರೀ ಪಂದ್ಯವಾಗಿರಲಿಲ್ಲ. ನ್ಯೂಜಿಲೆಂಡ್‌ಗೆ ಹೋಗುವ ರಾಜ್ಯದ ಹಿರಿಯರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು, ಇದರಲ್ಲಿ ಗೆದ್ದವರಿಗೆ. ಹಿಂದೆ ಎರಡು ಸಲ ಅದು ಅವಳ ಕೈತಪ್ಪಿತ್ತು. ಮೂರನೆಯ ಸಲ ಕಾಯುವ ಹಾಗಿರಲಿಲ್ಲ. ಗುರಿ ನೋಡುವ ಬಲಗಣ್ಣು ಹೋಗುತ್ತಿತ್ತು. ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿಕೊಂಡು ಯಾವುದಾದರೂ ಒಂದು ಗುರುತನ್ನು ದಿಟ್ಟಿಸಿ ನೋಡಿ, ನಡುವೆ ಮಬ್ಬು ಎಷ್ಟಿದೆ ಹೇಳಿ ಎಂದಿದ್ದರು ಡಾಕ್ಟರು. ಅವಳು ಹಿತ್ತಿಲಿನ ಬಟ್ಟೆ ಒಣಗಿಸುವ ಕಂಬವನ್ನು ನೋಡುತ್ತಿದ್ದಳು. ಕ್ರಿಸ್‌ಮಸ್ ಹೊತ್ತಿಗೆ ಕಂಬದ ನಡುಭಾಗ ಕರಗತೊಡಗಿತ್ತು. ಈ ವಿಷಯ ಅವಳು ಹೇಳಿಕೊಂಡದ್ದು ರೊಂಡಾ ಒಬ್ಬಳಿಗೇ.

ಬೆಳಗಿನ ಸುತ್ತಿನಲ್ಲಿ ಇಬ್ಬರಿಗೂ ಸಮಸಮ ಅಂಕ ಬಂತು. ತಣ್ಣಗಿತ್ತು, ಹದಿನೆಂಟು ಡಿಗ್ರಿ. ಗುಂಡು ಎಷ್ಟು ಎತ್ತರಕ್ಕೆ ಹೋಗಬೇಕೆಂದು ಹೊಂದಿಸುವ, ಬಂದೂಕಿನ ಹಿಂಗಣ್ಣಿನ ತಿರುಪನ್ನು ನೋಡಿ ರೊಂಡಾ ಗಟ್ಟಿಯಾಗಿ ಹೇಳಿದ್ದಳು: "ನಂದು ಇಪ್ಪತ್ತೇಳೂವರೆಗೆ ಕೂತಿದೆ. ನಿಂದೆಷ್ಟೇ?"

"ಇಪ್ಪತ್ತೇಳು. ಮಧ್ಯಾಹ್ನಕ್ಕೆ ಇಬ್ರೂ ಇಳಿಸ್ಕೋಬೇಕು, ನೆನಪಿರಲಿ. ಬಿಸಿಲು ನೋಡು ಹೆಂಗೆ ಬರ್ತಿದೆ."

"ನೋಟ್‌ಬುಕ್ ರಾಣಿ ಹೇಳಿದ ಮೇಲೆ ಮುಗೀತು," ಎಂದು ನಕ್ಕಿದ್ದಳು ರೊಂಡಾ.

ಮಧ್ಯಾಹ್ನ ಅದೇ ಒಂಬೈನೂರು ಗಜ, ಆದರೆ ನಲವತ್ತೊಂದು ಡಿಗ್ರಿ. ನೊಣಗಳು ಕಣ್ಣಿಗೇ ಬಂದು ಕೂರುತ್ತಿದ್ದವು. ಒಬ್ಬರು ಒಂದು ಗುಂಡು ಹೊಡೆದ ಮೇಲೆ ಇನ್ನೊಬ್ಬರು ಒಂದು. ಗುರಿಯ ನಡುವಿಗೆ ಬಿದ್ದರೆ ಐದು ಅಂಕ. ಒಬ್ಬರ ಅಂಕ ಇನ್ನೊಬ್ಬರು ಬರೆಯಬೇಕು. ಗ್ಲೆನಿಸ್ ನೋಟ್‌ಬುಕ್ ನೋಡಿ ತಿರುಪು ಇಳಿಸಿಕೊಂಡು ಶುರು ಮಾಡಿದಳು. ಐದು, ಐದು, ನಾಲ್ಕು, ಐದು. ಗುಂಡುಗಳು ಮೇಲೆ ಕೆಳಗೆ ಚೆದುರುತ್ತಿದ್ದರೂ ಹೇಗೋ ಹಿಡಿದಿಟ್ಟಿದ್ದಳು. ರೊಂಡಾಳದು ಪ್ರತಿ ಸಲವೂ ಐದೇ. ಗುಂಡು ಬಿದ್ದೊಡನೆ ಕೆಳಗಿಳಿಯುವ ಗುರಿಫಲಕ ಪ್ರತಿ ಸಲ ಮೇಲೆ ಬಂದಾಗಲೂ, ಗುಂಡು ಬಿದ್ದ ಜಾಗ ತೋರಿಸುವ ಬಿಳಿ ಬಿಲ್ಲೆ ಅದೇ ಎತ್ತರದಲ್ಲಿ ಇರುತ್ತಿತ್ತು.

ಅದೇ ಎತ್ತರ. ಐದನೆಯ ಸಲ ಬರೆಯುವಾಗ ಗ್ಲೆನಿಸ್‌ಗೆ ಅದು ತಟ್ಟಿತು. ಹಳೇ ಮದ್ದು ಈ ಬಿಸಿಲಲ್ಲಿ ಹೀಗೆ ಕೂರುವುದೇ ಇಲ್ಲ. ಅವಳು ಪಕ್ಕಕ್ಕೆ ತಿರುಗಿ ರೊಂಡಾಳ ಹಿಂಗಣ್ಣನ್ನು ನೋಡಿದಳು. ಇಪ್ಪತ್ತೇಳೂವರೆ. ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ. ತಿರುಪನ್ನು ಮುಟ್ಟಿಯೇ ಇಲ್ಲ.

ಮುಟ್ಟುವ ಅಗತ್ಯ ಬೀಳದಿರಲು ಒಂದೇ ಕಾರಣ ಇರಲು ಸಾಧ್ಯ. ಅದರ ಮೇಲೆ ಹಸಿರು ಶಾಯಿಯ ಚೀಟಿ ಇತ್ತು.

ಗ್ಲೆನಿಸ್ ಸರದಿ ಬಂತು. ತೋಟಾ ಹಾಕಿ ಬೋಲ್ಟ್ ಮುಚ್ಚಿದಳು, ಕೆನ್ನೆ ಬಂದೂಕಿಗೆ ಒತ್ತಿದಳು. ಕಣ್ಣ ಮುಂದೆ ಬಂದದ್ದು ಗುರಿಯಲ್ಲ, ಆ ಚಳಿಗಾಲದ ಮಾತು: ಯಾವತ್ತೋ ಖಾಲಿ ಆಯ್ತು ಕಣೇ. ಎಂಟು ತಿಂಗಳು ಗ್ಲೆನಿಸ್‌ಳ ಮೇಜಿನ ಮುಂದೆ ಕೂತು, ಅವಳು ಮಾಡಿದ ಚಹಾ ಕುಡಿದು, ಹಳೇ ಮದ್ದಿಗೆ ಜೊತೆಯಲ್ಲಿ ಬೈದವಳು. ಕಣ್ಣಿನ ವಿಷಯ ಕೇಳಿ ತಬ್ಬಿಕೊಂಡು ಅತ್ತವಳು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಹೀಗೇ ಇರುತ್ತದಾ, ಇಷ್ಟು ಹತ್ತಿರದಲ್ಲಿ, ಒಂದೇ ಚಾಪೆಯ ಮೇಲೆ?

"ಏನೇ, ಗುಂಡು ಬೇಯಿಸ್ತಿದೀಯಾ?" ಎಂದಳು ರೊಂಡಾ ಪಕ್ಕದಿಂದ. "ಟೈಮ್ ಹೋಗ್ತಿದೆ."

ಹೌದು, ಬೇಯಿಸುತ್ತಿದ್ದಳು. ಕಾದ ನಳಿಗೆಯೊಳಗೆ ತೋಟಾವನ್ನು ಕಾಯಿಸಬಾರದು ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದವಳು ತಾನೇ ಅದನ್ನು ಮರೆತು ಮಲಗಿದ್ದಳು. ಗಾಬರಿಯಲ್ಲಿ ಬಂದೂಕಿನ ಕುದುರೆ ಎಳೆದಳು. ಫಲಕ ಇಳಿದು ಮೇಲೆ ಬಂದಾಗ ಬಿಳಿ ಬಿಲ್ಲೆ ಎಲ್ಲೋ ನೆತ್ತಿಯ ಹತ್ತಿರ ಇತ್ತು. ಎರಡು ಅಂಕ.

"ಎರಡು," ಎಂದು ರೊಂಡಾ ಬರೆದುಕೊಂಡಳು. ದನಿ ಎಳ್ಳಷ್ಟೂ ನಡುಗಲಿಲ್ಲ.

ಉಳಿದದ್ದನ್ನೆಲ್ಲ ಗ್ಲೆನಿಸ್ ಐದಕ್ಕೇ ಹೊಡೆದಳು. ಉಪಯೋಗವಿರಲಿಲ್ಲ. ಕೊನೆಗೆ ಪದ್ಧತಿಯಂತೆ ರೊಂಡಾಳ ಅಂಕದ ಚೀಟಿಗೆ ಸಹಿ ಹಾಕಿ ಕೊಟ್ಟಳು. ನಿಯಮದಲ್ಲಿ ತಪ್ಪೇನೂ ಇರಲಿಲ್ಲವಲ್ಲ. ಯಾರು ಯಾವ ಮದ್ದು ಬೇಕಾದರೂ ತುಂಬಬಹುದು. ಗೆಳತಿಗೆ ಸುಳ್ಳು ಹೇಳಬಾರದು ಎಂದು ನಿಯಮದ ಪುಸ್ತಕದಲ್ಲಿ ಯಾರೂ ಬರೆದಿಲ್ಲ.

ರೊಂಡಾಳ ಹೆಸರಿದ್ದ ತಂಡದ ಪಟ್ಟಿ ಬಂದ ಮೇಲಿನ ಶನಿವಾರ ಬೆಳಿಗ್ಗೆ ಅವಳು ಹಿತ್ತಿಲ ಗೇಟಿನಿಂದ ಬಂದಳು. ಗ್ಲೆನಿಸ್ ಬಟ್ಟೆ ಹರವುತ್ತಿದ್ದಳು. ರೊಂಡಾ ಚೀಲದಿಂದ ಬಾಟಲಿ ತೆಗೆದಳು. ಹಸಿರು ಶಾಯಿ ಸ್ವಲ್ಪ ಮಾಸಿತ್ತು.

"ನೀನು ನೋಡಿದ್ದು ಗೊತ್ತು ನಂಗೆ," ಎಂದಳು. "ನಾಟಕ ಯಾಕೆ? ಇನ್ನೂ ಮುಕ್ಕಾಲು ಪಾಲು ಇದೆ. ನ್ಯೂಜಿಲೆಂಡಲ್ಲಿ ತಂಡದವರು ಕೊಡೋ ತೋಟಾನೇ ಹೊಡೀಬೇಕಂತೆ. ನಂಗಿನ್ನು ಇದು ಬೇಡ. ನೀನೇ ಇಟ್ಕೋ."

"ಯಾಕೆ ಸುಳ್ಳು ಹೇಳ್ದೆ?"

"ಹೇಳಿದ್ರೆ ಅರ್ಧ ಕೇಳ್ತಿದ್ದೆ ನೀನು."

"ಕೇಳ್ತಿದ್ದೆ."

"ಅದಕ್ಕೇ." ರೊಂಡಾ ಬಾಟಲಿಯನ್ನು ಇನ್ನೂ ಚಾಚಿಕೊಂಡೇ ಇದ್ದಳು. "ನಂಗೂ ಅರವತ್ತಾರು ಕಣೇ. ನಂಗೆ ಮಾತ್ರ ಆಸೆ ಇರಲ್ವಾ? ನನ್ನ ಜಾಗದಲ್ಲಿ ನೀನಿದ್ರೂ ಹಿಂಗೇ ಮಾಡ್ತಿದ್ದೆ."

"ನಿನ್ನ ಜಾಗದಲ್ಲಿ ನಾನಿದ್ದೆನಲ್ಲೇ," ಎಂದಳು ಗ್ಲೆನಿಸ್. "ನಾಲ್ಕು ವರ್ಷದ ಹಿಂದೆ. ಆಗ ತಕ್ಕಡಿ ತಂದೆ."

ಗ್ಲೆನಿಸ್ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. ಹಳಸಿದ ಮದ್ದನ್ನು ಅಲ್ಲಿಯವರು ಹುಲ್ಲಿಗೆ ಚೆಲ್ಲುತ್ತಾರೆ, ಗೊಬ್ಬರವಾಗುತ್ತದೆಂದು. ಅವಳು ಹಳಸದ ಮದ್ದನ್ನು ಬಟ್ಟೆ ಕಂಬದ ಬುಡದ ಒಣ ಹುಲ್ಲಿನ ಮೇಲೆ ನಿಧಾನವಾಗಿ, ಒಂದು ಕಾಳೂ ಉಳಿಯದ ಹಾಗೆ, ಸುತ್ತ ಸುರಿದಳು.

"ಅಯ್ಯೋ, ಹುಚ್ಚಾ ನಿಂಗೆ? ಎಲ್ಲೂ ಸಿಗಲ್ಲ ಅದು!"

"ಗೊತ್ತು," ಎಂದಳು ಗ್ಲೆನಿಸ್. ನಲ್ಲಿ ತಿರುಗಿಸಿ ಕೊಳವೆಯಿಂದ ನೀರು ಬಿಟ್ಟಳು. "ಗೇಟು ಹಾಕ್ಕೊಂಡು ಹೋಗು."

ಏಪ್ರಿಲ್ ಹೊತ್ತಿಗೆ ಹಿತ್ತಿಲಿನ ಹುಲ್ಲೆಲ್ಲ ಕಂದಿದ್ದರೂ ಕಂಬದ ಸುತ್ತ ಮಾತ್ರ ದಟ್ಟ ಹಸಿರು ಎದ್ದಿತ್ತು. ಗ್ಲೆನಿಸ್ ದಿನಾ ಬೆಳಿಗ್ಗೆ ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತು ಎಡಗಣ್ಣು ಮುಚ್ಚುತ್ತಿದ್ದಳು. ಮೊದಲು ಕಂಬ ಹೋಯಿತು, ಆಮೇಲೆ ಬೇಲಿ. ಬಲಗಣ್ಣಿಗೆ ಇನ್ನೂ ಕಾಣುತ್ತಿದ್ದುದು ಆ ಹಸಿರೊಂದೇ.